ಕಾರ್ಬನ್ ಪ್ರತಿ

ಮನಾಮಾ. ಬಾಬ್ ಅಲ್ ಬಹ್ರೇನ್ ಹಿಂದಿನ ಗಲ್ಲಿ.
ಎಡಕ್ಕೆ ದರ್ಜಿ, ಬಲಕ್ಕೆ ಏಲಕ್ಕಿ ಮಾರುವ ಇರಾನಿ,
ನಡುವೆ ನಾನು, ನನ್ನ ಹಳೇ ಟೈಪ್‌ರೈಟರು.
ವೀಸಾ ಫಾರಮ್ಮಿಗೆ ಇನ್ನೂರು ಫಿಲ್ಸ್,
ರಾಜೀನಾಮೆಗೆ ಮುನ್ನೂರು,
ಬರೆಸುವವನು ಅತ್ತರೆ ಚಹಾ ನನ್ನ ಲೆಕ್ಕ.

ಎಪ್ಪತ್ತೆಂಟರ ಜುಲೈ.
ಮಾರ್ಜರಿ ವೆನ್ಲಾಕ್ ಬಂದರು.
ನಮ್ಮಲ್ಲಿ ಬಂದರು ಅಂದರೆ ಬಂದದ್ದೂ ಹೌದು,
ದೋಣಿ ಕಟ್ಟುವ ಜಾಗವೂ ಹೌದು.
ಗಂಗೊಳ್ಳಿಯ ಖಾರ್ವಿಗೆ ಅದು ಮರೆಯುವ ಮಾತಲ್ಲ.

ಬೆವರಿಗೆ ಅಂಟಿದ ಅಂಗಿ, ಬಟ್ಟೆಚೀಲ,
ಚೀಲದೊಳಗೆ ಮುನ್ನೂರು ಹಾಳೆ,
ಹಸಿರು ಮಸಿ, ಸಕ್ಕರೆ ಡಬ್ಬಿಯಿಂದ ಓಡಿಸಿದ
ಇರುವೆಯಂಥ ಅಕ್ಷರ.
'ಯಾರ ಮೇಲೆ ಅರ್ಜಿ, ಮೇಡಂ?' ಅಂದೆ.
'ಯಾರ ಮೇಲೂ ಅಲ್ಲ. ಒಬ್ಬ ಸಾಯುತ್ತಾನೆ,
ಒಂಬತ್ತನೇ ಅಧ್ಯಾಯದಲ್ಲಿ.
ಅಲ್ಲಿವರೆಗೆ ತಪ್ಪಿಲ್ಲದೆ ಹೊಡಿ.'

ಗಂಡ ತೈಲ ಕಂಪನಿಯ ಇಂಜಿನಿಯರು,
ಆಗಲೇ ಕ್ರೈಸ್ತರ ಸ್ಮಶಾನದಲ್ಲಿ.
ವಾಪಸು ಹೋಗುತ್ತಾರೆ ಎಂದು ಎಲ್ಲರೂ ಕಾದರು.
ಗುದೈಬಿಯಾದ ಬಾಡಿಗೆ ಮನೆ ಬಿಡಲಿಲ್ಲ.
'ಇಂಗ್ಲೆಂಡಿನಲ್ಲಿ ಕೂತರೆ
ಇಂಗ್ಲೆಂಡ್ ಕಾಣುವುದಿಲ್ಲ, ವಾಮನ.'

ಹಾಳೆ ತರಲು ಹೋದಾಗ ನೋಡಿದ್ದೇನೆ:
ಏಸಿಯ ನೀರು ತಗಡಿನ ಬಕೆಟ್ಟಿಗೆ ತೊಟ್ಟಿಕ್ಕುವಲ್ಲಿಗೆ
ಕುರ್ಚಿ ಎಳೆದುಕೊಂಡು ಬರೆಯುತ್ತಿದ್ದರು.
ಹೊರಗೆ ನಲವತ್ತಾರು ಡಿಗ್ರಿ.
ಪುಟದಲ್ಲಿ ಒದ್ದೆ ಹುಲ್ಲು, ನೆಗಡಿ, ಛತ್ರಿ ಮರೆತ ವಿಕಾರ್.
ವಿಕಾರ್ ಅಂದರೆ ಯಾರು?
'ನಿಮ್ಮೂರ ಭಟ್ಟರ ಹಾಗೆ. ಸೈಕಲ್ ಇರುತ್ತದೆ.'

ವರ್ಷಕ್ಕೊಂದು ಪುಸ್ತಕ. ವರ್ಷಕ್ಕೊಂದು ಹೆಣ.
ಒಂದರಲ್ಲೂ ಮರಳಿಲ್ಲ, ಹಮ್ಮೂರ್ ಮೀನಿಲ್ಲ,
ಬಾಂಗಿನ ಸದ್ದಿಲ್ಲ.

ಏಳನೆಯದರಲ್ಲಿ ಒಬ್ಬ ಗುಮಾಸ್ತ ಕಂಡ.
ಪೂರ್ವದ ಕಡೆಯವನು, ತೆಳ್ಳಗೆ.
ಬಾಗಿಲು ತೆರೆಯುತ್ತಾನೆ, 'ಆಗಲಿ, ಮೇಡಂ' ಎನ್ನುತ್ತಾನೆ,
ಬಾಗಿಲು ಮುಚ್ಚುತ್ತಾನೆ.
ಹೆಸರಿಲ್ಲ.

ಬೆರಳು ನಿಂತಿತು.
ಇರಾನಿ ಏಲಕ್ಕಿ ಕುಟ್ಟುವುದನ್ನು ಒಂದಿಷ್ಟು ಹೊತ್ತು ಕೇಳಿದೆ.
ಆಮೇಲೆ ಅವನಿಗೆ ನನ್ನ ಹೆಸರು ಹೊಡೆದೆ,
ಜೊತೆಗೆ ಒಂದು ಮಾತು:
'ಆ ಚಹಾ ಕುಡಿಯಬೇಡಿ, ಮೇಡಂ, ವಾಸನೆ ಬೇರೆ ಇದೆ.'

ಮೂರನೇ ದಿನ ಬಂದರು. ಕೊಡೆ ಮಡಚಲೇ ಇಲ್ಲ.
'ನನ್ನ ಹೆಣವನ್ನು ಬದುಕಿಸಿಬಿಟ್ಟೆಯಲ್ಲ!'
ನನಗೆ ನೆಲ ಕಾಣಲಿಲ್ಲ.
ಕೊಡೆಯ ತುದಿಯಿಂದ ಒಂದೆರಡು ಸಲ ನೆಲ ಕುಟ್ಟಿದರು.
'ಬದುಕಲಿ. ಬೇರೆಯವರನ್ನು ಕೊಂದರಾಯಿತು.'
ಒಂಬತ್ತರಿಂದ ಕೊನೆವರೆಗೆ ಹೊಸದಾಗಿ ಬರೆದರು,
ನೂರನಲವತ್ತು ಪುಟ.
ದುಡ್ಡು ಬೇಡ ಅಂದೆ. ಅರ್ಧ ಕೊಟ್ಟರು.
'ತಪ್ಪು ಇಬ್ಬರದ್ದು.'

ಅಚ್ಚಾಗಿ ಬಂದಾಗ ಗುಮಾಸ್ತ ರಾಮನ್ ಆಗಿದ್ದ.
ಲಂಡನ್ನಿನಲ್ಲಿ ಯಾರೋ, ಓದುಗರಿಗೆ ಸುಲಭವಾಗಲೆಂದು,
ನನ್ನನ್ನು ಎರಡು ಅವತಾರ ಮುಂದೆ ದಾಟಿಸಿದ್ದರು.
ನಾನು ನಕ್ಕೆ. ಅವರು ನಗಲಿಲ್ಲ.
ಪ್ರಕಾಶಕರು ಕಳಿಸಿದ ಆರು ಪ್ರತಿ ನನ್ನ ಮೇಜಿನ ಮೇಲಿಟ್ಟು,
ನಿಂತುಕೊಂಡೇ,
ಪುಟ ಪುಟ ಹುಡುಕಿ,
ಹಸಿರು ಮಸಿಯಲ್ಲಿ ತಿದ್ದಿದರು.
ಒಂದನ್ನು ನನಗೆ ಕೊಟ್ಟರು.
ಉಳಿದ ಲೋಕಕ್ಕೆಲ್ಲ ನಾನು ರಾಮನ್.

ಹನ್ನೆರಡನೆಯದು ಮುಗಿಯಲಿಲ್ಲ.
ಯಾರನ್ನು ಯಾರು ಕೊಂದರೋ
ನನಗೂ ಗೊತ್ತಿಲ್ಲ.

ಸಾವಿನ ಫಾರಮ್ಮು ತುಂಬಿಸಲು
ದೂತಾವಾಸದ ಹುಡುಗ ನನ್ನಲ್ಲಿಗೇ ಬಂದ,
ಬೇರೆ ಅಂಗಡಿಗೆ ಮಧ್ಯಾಹ್ನದ ಬೀಗ.
ಹೆಸರು, ಜನ್ಮಸ್ಥಳ, ಪಾಸ್‌ಪೋರ್ಟ್ ಸಂಖ್ಯೆ.
ಉದ್ಯೋಗದ ಎದುರು ಪೆನ್ಸಿಲಿನಲ್ಲಿ ಯಾರೋ ಗುರುತು ಮಾಡಿದ್ದರು:
ಗೃಹಿಣಿ.

ಹುಡುಗ ಹೊರಗೆ ಸಿಗರೇಟು ಸೇದುತ್ತಿದ್ದ.
ಬೆರಳಿಗೆ ಹಳೇ ಚಾಳಿ.
ಮೂಲ ಒಂದು, ಕಾರ್ಬನ್ ಎರಡು,
ಅಕ್ಷರ ಕೆಳಗಿನ ಹಾಳೆಗೂ ಇಳಿಯಲೆಂದು
ಸ್ವಲ್ಪ ಜೋರಾಗಿಯೇ ಹೊಡೆದೆ.